ಬಡತನದ ಅಳತೆಯಲ್ಲಿ ಶಾಲೆಯ ಸ್ಥಾನ

ಬಡವರು ಯಾರು? ಝಕಾತ್ ಹಂಚುವಾಗಲೂ ವಿದ್ಯಾರ್ಥಿವೇತನದ ಅರ್ಜಿ ಪರಿಶೀಲಿಸುವಾಗಲೂ ನಮ್ಮೆದುರು ನಿಲ್ಲುವ ಪ್ರಶ್ನೆಯಿದು. ಇದಕ್ಕೆ ಉತ್ತರ ಹುಡುಕಿದ ಪ್ರಯತ್ನಗಳಿಗೆ ದೀರ್ಘ ಇತಿಹಾಸವಿದೆ.

ಭಾರತದಲ್ಲಿ ಈ ಲೆಕ್ಕವನ್ನು ಆರಂಭಿಸಿದವರಲ್ಲಿ ದಾದಾಭಾಯಿ ನವರೋಜಿ ಅಗ್ರಗಣ್ಯರು. 1867-68ರ ಬೆಲೆಗಳಂತೆ ಒಬ್ಬರ ಜೀವನಾವಶ್ಯಕ ವೆಚ್ಚ ವರ್ಷಕ್ಕೆ 16ರಿಂದ 35 ರೂಪಾಯಿ ಎಂದು ಅವರು ಅಂದಾಜಿಸಿದರು. ಸ್ವಾತಂತ್ರ್ಯಾನಂತರ, 1962ರಲ್ಲಿ, ಯೋಜನಾ ಆಯೋಗದ ತಜ್ಞರ ತಂಡ ತಲಾ ತಿಂಗಳಿಗೆ 20 ರೂಪಾಯಿಯನ್ನು ಕನಿಷ್ಠ ವೆಚ್ಚವೆಂದು ನಿಗದಿಪಡಿಸಿತು. ಶಿಕ್ಷಣ ಮತ್ತು ಆರೋಗ್ಯವನ್ನು ಸರ್ಕಾರವೇ ಒದಗಿಸುತ್ತದೆಂಬ ನಂಬಿಕೆಯಿಂದ ಆ ಖರ್ಚನ್ನು ಇದರಲ್ಲಿ ಸೇರಿಸಲಿಲ್ಲ. 1971ರಲ್ಲಿ ದಾಂಡೇಕರ್ ಮತ್ತು ರಥ್ ದಿನಕ್ಕೆ 2250 ಕ್ಯಾಲೊರಿ ಆಹಾರವನ್ನು ಆಧಾರವಾಗಿಟ್ಟುಕೊಂಡರು. 1979ರಲ್ಲಿ ಅಲಘ್ ಕಾರ್ಯತಂಡ ಹಳ್ಳಿಗೆ 2400, ನಗರಕ್ಕೆ 2100 ಕ್ಯಾಲೊರಿ ಎಂದಿತು. ಹೀಗೆ ಹೊಟ್ಟೆಯನ್ನು ಅಳೆದರು, ಪಾಟಿಚೀಲವನ್ನು ಮರೆತರು.

ಶಾಲೆ ಮತ್ತು ಔಷಧಿಯ ಖರ್ಚಿಗೆ ಬಡತನ ರೇಖೆಯಲ್ಲಿ ಜಾಗ ದೊರೆತದ್ದು 2009ರ ತೆಂಡೂಲ್ಕರ್ ಸಮಿತಿಯ ವರದಿಯಲ್ಲಿ. ಆ ವಿಧಾನದಂತೆ 2011-12ರಲ್ಲಿ ದೇಶದ ನಗರಗಳ ರೇಖೆ ತಲಾ ತಿಂಗಳಿಗೆ 1000 ರೂಪಾಯಿ ಆಗಿತ್ತು. ಆದರೂ ಇದು ಹಣದ ಅಳತೆಯೇ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಐದು ಜನರ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಆ ವರ್ಷ ತಿಂಗಳಿಗೆ 5000ಕ್ಕಿಂತ ತುಸು ಹೆಚ್ಚು ಖರ್ಚು ಮಾಡಿದ್ದರೆ ದೇಶದ ಈ ರೇಖೆಯಂತೆ ಅದು ಬಡ ಕುಟುಂಬವಲ್ಲ. ಮಗ ಶಾಲೆ ಬಿಟ್ಟು ಭಟ್ಟಿಗೆ ಬಂದು ದುಡಿದದ್ದರಿಂದಲೇ ಆ ಹಣ ಸೇರಿದ್ದರೂ ರೇಖೆಗೆ ಅದು ಕಾಣದು!

ಈ ಕೊರತೆಯನ್ನು ತುಂಬಲು 2010ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಬಹು ಆಯಾಮದ ಬಡತನ ಸೂಚ್ಯಂಕವನ್ನು ಜಾರಿಗೆ ತಂದಿತು. ಇದೇ ಮಾದರಿಯಲ್ಲಿ ನೀತಿ ಆಯೋಗವು 2021ರಲ್ಲಿ 12 ಅಂಶಗಳ ರಾಷ್ಟ್ರೀಯ ಸೂಚ್ಯಂಕ ಪ್ರಕಟಿಸಿತು. ಇದರಲ್ಲಿ ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರಕ್ಕೂ ಸಮಾನ ತೂಕ. ಹತ್ತು ವರ್ಷ ಮೇಲ್ಪಟ್ಟ ಯಾರೂ ಆರು ವರ್ಷ ಶಾಲೆ ಕಲಿಯದಿರುವುದು, ಎಂಟನೇ ತರಗತಿಯೊಳಗಿನ ವಯಸ್ಸಿನ ಮಗು ಶಾಲೆಗೆ ಹೋಗದಿರುವುದು: ಇವೆರಡೂ ಸೇರಿದರೆ ಸಾಕು, ಬೇರೆ ಕೊರತೆ ಇಲ್ಲದಿದ್ದರೂ ಆ ಮನೆ ಬಡಮನೆ.

ಆದಾಯ ಹಠಾತ್ತನೆ ನಿಲ್ಲಬಹುದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ್ದನ್ನು ಕಂಡ ಹರಿಹರಕ್ಕೆ ಇದನ್ನು ಹೇಳಬೇಕಿಲ್ಲ. ಕಲಿತ ವಿದ್ಯೆಗೆ ಬೀಗ ಹಾಕುವವರಿಲ್ಲ. ಆದ್ದರಿಂದ ನೆರವಿನ ಅರ್ಜಿಯಲ್ಲಿ ಆದಾಯ ಪ್ರಮಾಣಪತ್ರದ ಜೊತೆಗೆ ಇನ್ನೆರಡು ಪ್ರಶ್ನೆಗಳಿರಲಿ: ಮನೆಯಲ್ಲಿ ಹೆಚ್ಚು ಓದಿದವರು ಎಷ್ಟನೇ ತರಗತಿ? ಶಾಲೆ ಬಿಟ್ಟ ಮಗು ಇದೆಯೇ? ಈ ಉತ್ತರಗಳನ್ನು ಮನೆಮನೆಯಿಂದ ತರಲು ನಮ್ಮ ವಿದ್ಯಾರ್ಥಿಗಳೇ ಮುಂದಾಗಲಿ.