ದಿಗ್ದಾಹ ವಿಚಾರ

ಆಕಾಶದ ಒಂದು ದಿಕ್ಕಿನಲ್ಲಿ ಬೆಂಕಿ ಹೊತ್ತಿದಂತೆ ತೋರುವ ಬೆಳಕಿಗೆ ಸಂಹಿತಾಗ್ರಂಥಗಳಲ್ಲಿ ದಿಗ್ದಾಹವೆಂದು ಹೆಸರು. ಮಹಾಭಾರತದ ಭೀಷ್ಮಪರ್ವ ಮೊದಲ್ಗೊಂಡು ಅನೇಕ ಕಾವ್ಯಗಳಲ್ಲಿ ಯುದ್ಧಪೂರ್ವದ ಉತ್ಪಾತಗಳ ವರ್ಣನೆಯುಂಟು. ಅಲ್ಲಿ ಬರುವ ಇಂತಹ ಬೆಳಕುಗಳನ್ನು ಕುರಿತು ಎರಡು ಪಕ್ಷಗಳನ್ನು ಕಲ್ಪಿಸಬಹುದು. ಇವು ಕೇವಲ ಕವಿಸಮಯವೆಂಬುದು ಒಂದು. ಪ್ರಾಚೀನರು ಧ್ರುವಪ್ರಭೆಯನ್ನೇ ಕಂಡು ಬರೆದಿಟ್ಟರೆಂಬುದು ಇನ್ನೊಂದು. ಇವುಗಳ ಬಲಾಬಲವನ್ನು ನಿರ್ಣಯಿಸುವುದಕ್ಕೆ ಆರನೆಯ ಶತಮಾನದ ವರಾಹಮಿಹಿರಾಚಾರ್ಯನ ಬೃಹತ್ಸಂಹಿತೆಯು ಉತ್ತಮ ಸಾಧನವಾಗಿದೆ.

ಆಚಾರ್ಯನು ಆಕಾಶದ ಬೆಳಕುಗಳನ್ನೆಲ್ಲ ಒಂದೇ ರಾಶಿಯಾಗಿ ಮಾಡಿಲ್ಲ. ಉಲ್ಕೆ, ದಿಗ್ದಾಹ, ಗಂಧರ್ವನಗರ ಇವುಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಉಲ್ಕೆಯಲ್ಲಿಯೇ ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂಬ ಐದು ಭೇದಗಳನ್ನು ಹೇಳಿದೆ. ಕೇತುಚಾರಾಧ್ಯಾಯದ ಲಕ್ಷಣವು ಇದಕ್ಕಿಂತಲೂ ಗಮನಾರ್ಹವಾದುದು. ಬೆಂಕಿಯಿಲ್ಲದೆಡೆಯಲ್ಲಿ ಬೆಂಕಿಯ ರೂಪವು ತೋರಿದರೆ ಅದು ಕೇತು. ಆದರೆ ಮಿಂಚುಹುಳು, ಪಿಶಾಚಸ್ಥಾನ, ಮಣಿರತ್ನ ಮೊದಲಾದವುಗಳ ಬೆಳಕನ್ನು ಬಿಟ್ಟು ಎಂಬುದು ಅದರ ತಾತ್ಪರ್ಯ. ಪಿಶಾಚವನ್ನು ಇಂದು ಒಪ್ಪದವರೂ ಇಲ್ಲಿನ ಕ್ರಮವನ್ನು ಒಪ್ಪಲೇಬೇಕು. ತಿಳಿದ ಕಾರಣಗಳನ್ನು ಮೊದಲು ಕಳೆದು, ಉಳಿದುದಕ್ಕೆ ಮಾತ್ರ ಹೊಸ ಹೆಸರನ್ನಿಡುವುದೇ ಆ ಕ್ರಮ. ಕೇತುಗಳ ಉದಯಾಸ್ತಗಳು ಗಣಿತದಿಂದ ತಿಳಿಯತಕ್ಕವಲ್ಲವೆಂದೂ ಅವನು ಮುಚ್ಚುಮರೆಯಿಲ್ಲದೆ ಹೇಳಿರುವನು.

ಇದೇ ಕ್ರಮವನ್ನು ದಿಗ್ದಾಹಕ್ಕೆ ಅನ್ವಯಿಸಿ ನೋಡಬಹುದು. ಹಳದಿ, ಅಗ್ನಿವರ್ಣ, ಅರುಣ ಎಂಬ ಬಣ್ಣಗಳನ್ನೂ, ಎಂಟು ದಿಕ್ಕುಗಳ ಫಲಗಳನ್ನೂ ಆಚಾರ್ಯನು ಹೇಳುತ್ತಾನೆ. ಸೂರ್ಯನಂತೆ ನೆರಳನ್ನು ತೋರಿಸುವಷ್ಟು ಪ್ರಖರವಾದುದೂ ಉಂಟಂತೆ. ಆಕಾಶವು ಪ್ರಸನ್ನವಾಗಿಯೂ ನಕ್ಷತ್ರಗಳು ನಿರ್ಮಲವಾಗಿಯೂ ಇದ್ದು, ದಿಗ್ದಾಹವು ಹೊಂಬಣ್ಣದ್ದಾದರೆ ಮಾತ್ರ ಲೋಕಕ್ಕೆ ಹಿತ. ನಕ್ಷತ್ರಗಳ ಮಾತು ಬಂದಿರುವುದರಿಂದ ಇದು ರಾತ್ರಿಯ ಬೆಳಕೆಂಬುದು ಸ್ಪಷ್ಟ.

ಇದಕ್ಕೆ ಮೂರು ಕಾರಣಗಳನ್ನು ಊಹಿಸಬಹುದು. ಮೊದಲನೆಯದು ಕಾಡುಗಿಚ್ಚು. ಅದರ ಕೆಂಪು ಹೊಗೆಯಲ್ಲಿಯೂ ಮೋಡದಲ್ಲಿಯೂ ಪ್ರತಿಫಲಿಸಿ ದೂರಕ್ಕೆ ಕಾಣುವುದು. ಆದರೆ ನಿರ್ಮಲಾಕಾಶದ ದಿಗ್ದಾಹಕ್ಕೆ ಈ ಸಮಾಧಾನವು ಹೊಂದದು. ಎರಡನೆಯದು ಜ್ವಾಲಾಮುಖಿಯ ಧೂಳು. ೧೮೮೩ರ ಆಗಸ್ಟಿನಲ್ಲಿ ಕ್ರಕಟೋವ ಪರ್ವತವು ಸಿಡಿದ ಮೇಲೆ ಅನೇಕ ತಿಂಗಳು ದೇಶದೇಶಗಳಲ್ಲಿ ಸಂಧ್ಯಾರಾಗವು ಅತಿಯಾಗಿ ಕೆಂಪೇರಿತು. ಬೆಂಕಿ ಬಿದ್ದಿತೆಂದು ಭ್ರಮಿಸಿ ಅಮೆರಿಕೆಯಲ್ಲಿ ಅಗ್ನಿಶಾಮಕರು ಹೊರಟದ್ದೂ ಉಂಟು. ಆದರೆ ಆ ಬೆಳಕು ಸಂಧ್ಯಾಕಾಲಕ್ಕೂ ಸೂರ್ಯನಿರುವ ದಿಕ್ಕಿಗೂ ಕಟ್ಟುಬಿದ್ದುದು, ನಡುರಾತ್ರಿಯಲ್ಲಿ ನಿಲ್ಲದು.

ಮೂರನೆಯದು ಧ್ರುವಪ್ರಭೆ. ಸೂರ್ಯನಿಂದ ಹೊರಟ ವಿದ್ಯುತ್ಕಣಗಳ ಪ್ರವಾಹವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಕಣಗಳು ಮೇಲಣ ವಾಯುಮಂಡಲಕ್ಕೆ ಬಡಿದು ಅದನ್ನು ಬೆಳಗಿಸುತ್ತವೆ. ಸುಮಾರು ೨೦೦ ಕಿಲೋಮೀಟರಿಗೂ ಮೇಲೆ ಆಮ್ಲಜನಕವು ಕೆಂಪಾಗಿಯೂ, ೧೦೦ ಕಿಲೋಮೀಟರ್ ಎತ್ತರದ ಸುಮಾರಿನಲ್ಲಿ ಹಸುರಾಗಿಯೂ ಹೊಳೆಯುವುದು. ದೂರದ ದಕ್ಷಿಣದವರಿಗೆ ಹಸುರು ಭಾಗವು ದಿಗಂತದ ಕೆಳಗೆ ಮರೆಯಾಗಿ, ಮೇಲಣ ಕೆಂಪು ಮಾತ್ರ ಉತ್ತರದಲ್ಲಿ ಕಾಣುವುದು. ಭಾರತದಲ್ಲಿ ಇದು ಅಸಾಧ್ಯವೆನ್ನುವಂತಿಲ್ಲ. ೧೮೭೨ನೆಯ ಫೆಬ್ರವರಿ ೪ರ ರಾತ್ರಿ ಮುಂಬಯಿಯಲ್ಲಿ ಧ್ರುವಪ್ರಭೆಯು ಕಂಡಿತೆಂದು ಅಂದಿನ ವೃತ್ತಪತ್ರಿಕೆಯೇ ವರದಿಮಾಡಿತು. ತಂತಿವಾರ್ತೆಗೂ ಆಗ ಅಡಚಣೆಯಾಯಿತು. ೨೦೨೪ರ ಮೇ ತಿಂಗಳಿನ ಸೌರಕ್ಷೋಭೆಯಲ್ಲಿ ಲಡಾಖಿನ ಹಾನ್ಲೆಯಲ್ಲಿರುವ ವೀಕ್ಷಣಾಲಯದ ಕ್ಯಾಮೆರಾಗಳು ದಿಗಂತದ ಕೆಂಪನ್ನು ಸೆರೆಹಿಡಿದುವು. ಈ ವೀಕ್ಷಣಾಲಯವನ್ನು ನಡೆಯಿಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಆದರೂ ದಿಗ್ದಾಹವೆಂದರೆ ಧ್ರುವಪ್ರಭೆಯೇ ಎಂದು ಸಾಧಿಸಲಾಗದು. ಎಂಟು ದಿಕ್ಕುಗಳ ಫಲವನ್ನು ಹೇಳುವ ಶಾಸ್ತ್ರವು ಉತ್ತರದ ಬೆಳಕೊಂದನ್ನೇ ಮನಸ್ಸಿನಲ್ಲಿಟ್ಟಿತೆನ್ನುವುದು ಯುಕ್ತಿಗೆ ದೂರ. ನೆರಳು ತೋರಿಸುವ ಪ್ರಖರತೆಯೂ ತಗ್ಗು ಅಕ್ಷಾಂಶದ ಮಂದವಾದ ಕೆಂಪಿಗೆ ಹೊಂದುವುದಿಲ್ಲ. ಆದುದರಿಂದ ದಿಗ್ದಾಹವು ಒಂದು ವಸ್ತುವಿನ ಹೆಸರಲ್ಲ. ಒಂದೇ ಬಗೆಯಾಗಿ ತೋರುವ ಹಲವು ಬೆಳಕುಗಳ ಸಾಮಾನ್ಯ ಸಂಜ್ಞೆ.

ಇದರಿಂದ ಸಾಹಿತ್ಯವಿಮರ್ಶೆಗೆ ಒಂದು ನಿಯಮವು ದೊರೆಯುತ್ತದೆ. ಸಂಹಿತೆಯ ಪಟ್ಟಿಯನ್ನೇ ಅನುಸರಿಸಿ ಎಲ್ಲ ಉತ್ಪಾತಗಳನ್ನೂ ಒಟ್ಟುಗೂಡಿಸಿದ ಕಾವ್ಯವರ್ಣನೆಯಿಂದ ಕಾಲನಿರ್ಣಯಕ್ಕೆ ಹೊರಡುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ದಿನ, ಜಾವ, ದಿಕ್ಕು, ಬಣ್ಣ, ಇದ್ದ ಹೊತ್ತು ಇವುಗಳನ್ನು ಹೇಳುವ ಶಾಸನವಾಗಲಿ ಬಖೈರಾಗಲಿ ದೊರೆತರೆ, ಅದನ್ನು ಮೂಢನಂಬಿಕೆಯೆಂದು ತಳ್ಳದೆ ಸಾಕ್ಷ್ಯವಾಗಿ ವಿಚಾರಿಸುವುದು ವಿದ್ವಾಂಸರ ಕರ್ತವ್ಯ.