ಇಂಗ್ಲೆಂಡಿನ ಶಿಶುಮರಣಚರಿತ್ರೆ: ಕಾರಣವಿಚಾರ

ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ಎಷ್ಟು ಸಾಯುವುವೆಂಬ ಲೆಕ್ಕಕ್ಕೆ ಶಿಶುಮರಣಪ್ರಮಾಣವೆಂದು ಹೆಸರು. ಅರಸರ ಆಳ್ವಿಕೆ, ಯುದ್ಧ, ಒಡಂಬಡಿಕೆಗಳನ್ನೇ ಮುಖ್ಯವಾಗಿ ವರ್ಣಿಸುವ ಚರಿತ್ರೆಯಲ್ಲಿ ಈ ಲೆಕ್ಕಕ್ಕೆ ಬಹುಕಾಲ ಸ್ಥಳವಿರಲಿಲ್ಲ. ಆದರೆ ಒಂದು ಸಮಾಜದ ನೀರು, ನೆಲ, ಆಹಾರ, ವಸತಿ, ದುಡಿಮೆ, ತಿಳಿವಳಿಕೆ ಇವುಗಳ ಗುಣದೋಷಗಳೆಲ್ಲವೂ ತನ್ನನ್ನು ತಾನು ರಕ್ಷಿಸಿಕೊಳ್ಳಲಾರದ ಹಸುಳೆಯ ಮೇಲೆ ಮೊತ್ತಮೊದಲು ಪರಿಣಮಿಸುವುದರಿಂದ, ಸಮಾಜದ ಕ್ಷೇಮವನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ಸಾಧನ ದುರ್ಲಭ. ದೀರ್ಘಕಾಲದ ದಾಖಲೆಗಳುಳ್ಳ ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳನ್ನು ನಿದರ್ಶನವಾಗಿ ತೆಗೆದುಕೊಂಡು, ಶಿಶುಮರಣಕ್ಕೆ ಅಲ್ಲಿಯವರು ಹೇಳಿದ ಕಾರಣಗಳು ಎಷ್ಟರಮಟ್ಟಿಗೆ ನಿಲ್ಲುವುವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಆಧಾರಗಳು

ಆ ದೇಶದಲ್ಲಿ ಜನನಮರಣಗಳನ್ನು ಸರ್ಕಾರದ ವತಿಯಿಂದ ದಾಖಲೆಮಾಡುವ ಪದ್ಧತಿ ೧೮೩೭ನೆಯ ಜುಲೈ ತಿಂಗಳಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆ ಮುಖ್ಯವಾಗಿ ಇದ್ದುವು ಇಗರ್ಜಿಗಳ ದೀಕ್ಷಾಸ್ನಾನ ಮತ್ತು ಶವಸಂಸ್ಕಾರಗಳ ಪಟ್ಟಿಗಳು. ದೀಕ್ಷಾಸ್ನಾನಕ್ಕೆ ಮುಂಚೆಯೇ ತೀರಿಕೊಂಡ ಕೂಸು ಅನೇಕ ವೇಳೆ ಅವುಗಳಲ್ಲಿ ಹುಟ್ಟಿದಂತೆಯೇ ಕಾಣಬರುವುದಿಲ್ಲ. ಹೊಸ ದಾಖಲೆಯೂ ಮೊದಲು ಪೂರ್ಣವಾಗಿರಲಿಲ್ಲ. ಜನನವನ್ನು ತಿಳಿಸದವರಿಗೆ ದಂಡ ವಿಧಿಸುವ ಶಾಸನ ಬಂದುದು ೧೮೭೪ರಲ್ಲಿ. ಆದಕಾರಣ ಹಿಂದಿನ ಅಂಕಿಗಳನ್ನು ಎಚ್ಚರಿಕೆಯಿಂದ ಬಳಸಬೇಕು. ಈ ದಾಖಲೆಯ ಕಚೇರಿಯಲ್ಲಿ ಸುಮಾರು ನಾಲ್ವತ್ತು ವರ್ಷ ದುಡಿದ ವಿಲಿಯಂ ಫಾರ್ ಎಂಬಾತನು, ಆರೋಗ್ಯಕರವಾದ ಸೀಮೆಗಳನ್ನೂ ಇಕ್ಕಟ್ಟಾದ ನಗರಗಳನ್ನೂ ಹೋಲಿಸಿ, ಸಾವು ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿಲ್ಲವೆಂದು ತೋರಿಸಿದನು. ಸಾವು ಸಮನಾಗಿಲ್ಲವೆಂದ ಮೇಲೆ ಅದನ್ನು ಹಣೆಬರಹವೆಂದು ಬಿಟ್ಟುಬಿಡುವಂತಿಲ್ಲ, ಕಾರಣವನ್ನು ಹುಡುಕಲೇಬೇಕಾಗುತ್ತದೆ.

ಈ ದಾಖಲೆಗಳಿಂದ ಒಂದು ವಿಚಿತ್ರ ಸಂಗತಿ ವ್ಯಕ್ತವಾಗುತ್ತದೆ. ೧೮೬೦ರ ದಶಕದಿಂದ ಶತಮಾನಾಂತ್ಯದವರೆಗೆ ಒಟ್ಟು ಜನರ ಮರಣಪ್ರಮಾಣ ಸಾವಿರಕ್ಕೆ ಸುಮಾರು ೨೨ರಿಂದ ೧೮ಕ್ಕೆ ಇಳಿಯಿತು. ಆದರೆ ಶಿಶುಮರಣ ಮಾತ್ರ ಸಾವಿರಕ್ಕೆ ೧೫೦ರ ಆಸುಪಾಸಿನಲ್ಲಿಯೇ ನಿಂತು, ೧೮೯೯ರಲ್ಲಿ ೧೬೩ಕ್ಕೆ ಏರಿತು. ಸಾಮ್ರಾಜ್ಯದ ಐಶ್ವರ್ಯ ಉಚ್ಛ್ರಾಯಸ್ಥಿತಿಯಲ್ಲಿದ್ದಾಗ ಆರರಲ್ಲೊಂದು ಕೂಸು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ.

೨. ಕಾರಣಗಳ ಪರೀಕ್ಷೆ

ತಾಯಂದಿರು ಕಾರ್ಖಾನೆಗೆ ಹೋಗುವುದೇ ಇದಕ್ಕೆ ಕಾರಣವೆಂಬುದು ಅಂದಿನ ಪ್ರಬಲವಾದ ಅಭಿಪ್ರಾಯ. ಇದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (೧೮೬೧–೬೫) ಹತ್ತಿ ಬರುವುದು ನಿಂತು ಲ್ಯಾಂಕಷೈರಿನ ಗಿರಣಿಗಳು ಮುಚ್ಚಿದುವು. ಮನೆಗಳಲ್ಲಿ ಹಸಿವು ತುಂಬಿತು. ಆದರೂ ಅಲ್ಲಿ ಶಿಶುಮರಣ ತಗ್ಗಿತೆಂದು ಸಮಕಾಲೀನರು ಗುರುತಿಸಿದರು. ೧೮೭೦–೭೧ರಲ್ಲಿ ಪ್ಯಾರಿಸ್ ನಗರ ಮುತ್ತಿಗೆಗೆ ಸಿಕ್ಕಿದಾಗಲೂ ದೊಡ್ಡವರ ಸಾವು ಹೆಚ್ಚಿ ಶಿಶುಗಳ ಸಾವು ಕಡಮೆಯಾಯಿತೆಂದು ಹೇಳಲಾಯಿತು. ತಾಯಿ ಮನೆಯಲ್ಲಿದ್ದು ಮೊಲೆಯೂಡಿದುದೇ ಇದರ ಕಾರಣವೆಂದು ವೈದ್ಯರು ಊಹಿಸಿದರು. ೧೮೯೧ರ ಕಾರ್ಖಾನೆ ಶಾಸನವು ಹೆರಿಗೆಯಾದ ನಾಲ್ಕು ವಾರಗಳೊಳಗೆ ಸ್ತ್ರೀಯರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದೆಂದು ವಿಧಿಸಿತು.

ಆದರೆ ಈ ವಾದ ಕಲ್ಲಿದ್ದಲಿನ ಸೀಮೆಗಳಲ್ಲಿ ಮುಗ್ಗರಿಸುತ್ತದೆ. ಅಲ್ಲಿ ವಿವಾಹಿತ ಸ್ತ್ರೀಯರು ಕೂಲಿಗೆ ಹೋಗುತ್ತಿದ್ದುದು ಬಹಳ ವಿರಳ. ಶಿಶುಗಳು ಸಾಯುತ್ತಿದ್ದುದಾದರೋ ಬಹಳ. ೧೯೧೧ರ ಅಂಕಿಗಳನ್ನು ತಂದೆಯ ವೃತ್ತಿಯ ಪ್ರಕಾರ ವಿಂಗಡಿಸಿದಾಗ, ಮೇಲಿನ ಮತ್ತು ಮಧ್ಯಮ ವರ್ಗಗಳಲ್ಲಿ ಸಾವಿರಕ್ಕೆ ೭೬, ನೇಯ್ಗೆಯ ಕೆಲಸಗಾರರಲ್ಲಿ ೧೪೮, ಕುಶಲವಲ್ಲದ ಕೂಲಿಗಾರರಲ್ಲಿ ೧೫೩, ಗಣಿಕೆಲಸಗಾರರಲ್ಲಿ ೧೬೦ ಎಂದು ಕಂಡುಬಂದಿತು. ಐಶ್ವರ್ಯವೇ ಮಗುವನ್ನು ಕಾಯುತ್ತದೆಂದು ಇದರಿಂದ ತೋರಬಹುದು. ಆದರೆ ಅದೇ ಪಟ್ಟಿಯಲ್ಲಿ ಅತಿ ಕಡಮೆ ಕೂಲಿ ಪಡೆಯುತ್ತಿದ್ದ ಹೊಲದಾಳುಗಳ ಪ್ರಮಾಣ ೯೭ ಮಾತ್ರ! ಗಣಿಯವನ ಸಂಬಳ ಹೊಲದಾಳಿನದಕ್ಕಿಂತ ಹೆಚ್ಚು. ಹಾಗಾದರೆ ಬಡತನವೊಂದೇ ಕಾರಣವಲ್ಲ; ಬಡವನು ಎಲ್ಲಿ ವಾಸಿಸುವನೆಂಬುದೂ ಕಾರಣವೆಂದಾಯಿತು.

ಆ ವಾಸಸ್ಥಳದ ಕೇಡು ಮುಖ್ಯವಾಗಿ ಬೇಸಗೆಯ ಅತಿಸಾರದ ರೂಪದಲ್ಲಿ ಪ್ರಕಟವಾಗುತ್ತಿದ್ದಿತು. ಮಲವನ್ನು ನೀರಿನಿಂದ ಸಾಗಿಸುವ ಏರ್ಪಾಡಿಲ್ಲದ ತೆರೆದ ಕಕ್ಕಸು, ಬೀದಿಯಲ್ಲಿ ಕುದುರೆಗಳ ಲದ್ದಿ, ಅವುಗಳ ಮೇಲಿನ ನೊಣ, ಮುಚ್ಚಳವಿಲ್ಲದ ಹಾಲಿನ ಪಾತ್ರೆ—ಇದೇ ರೋಗದ ದಾರಿ. ಉದ್ದನೆಯ ರಬ್ಬರು ನಳಿಗೆಯುಳ್ಳ ಹಾಲುಣಿಸುವ ಸೀಸೆಗಳು ಆಗ ಪ್ರಚಾರದಲ್ಲಿದ್ದುವು. ಆ ನಳಿಗೆಯ ಒಳಭಾಗವನ್ನು ತೊಳೆಯುವುದು ಸಾಧ್ಯವೇ ಇರಲಿಲ್ಲ. ಫ್ರಾನ್ಸ್ ದೇಶ ೧೯೧೦ರಲ್ಲಿ ಅವುಗಳನ್ನು ನಿಷೇಧಿಸಿತು. ಲಂಡನ್ನಿನ ಪೂರ್ವಭಾಗದ ಯೆಹೂದ್ಯರು ಬಡವರಾಗಿದ್ದರೂ ಅವರ ಶಿಶುಗಳು ನೆರೆಯವರ ಶಿಶುಗಳಿಗಿಂತ ಹೆಚ್ಚಾಗಿ ಬದುಕಿಕೊಳ್ಳುತ್ತಿದ್ದುವು. ತಾಯ ಹಾಲನ್ನು ದೀರ್ಘಕಾಲ ಉಣಿಸುವ ರೂಢಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಎದೆಹಾಲು ಪೋಷಣೆ ಮಾತ್ರವಲ್ಲ, ಹೊಲಸಿಗೆ ಅಡ್ಡಗೋಡೆಯೂ ಹೌದು. ಬೀದಿ ಕೊಳಕಾದಷ್ಟೂ ಆ ಗೋಡೆಯ ಬೆಲೆ ಹೆಚ್ಚು.

೩. ಇಳಿತ

ಬೋಯರ್ ಯುದ್ಧಕ್ಕೆ (೧೮೯೯–೧೯೦೨) ಸೇರಬಂದ ಯುವಕರಲ್ಲಿ ಅನೇಕರು ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದಾಗ ಸರ್ಕಾರದ ಕಣ್ಣು ತೊಟ್ಟಿಲಿನ ಕಡೆಗೆ ತಿರುಗಿತು. ಕರುಣೆಗಿಂತ ಮುಂಚೆ ಸೈನ್ಯದ ಚಿಂತೆ ಬಂದಿತೆಂಬುದನ್ನು ಚರಿತ್ರಕಾರನು ಮರೆಮಾಡಲಾಗದು. ೧೯೦೨ರಲ್ಲಿ ಸೂಲಗಿತ್ತಿಯರ ಶಾಸನ ಅಂಗೀಕೃತವಾಯಿತು. ಹಡರ್ಸ್‌ಫೀಲ್ಡ್ ನಗರದ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್ ಎಂಬಾತನು ೧೯೦೪ರಲ್ಲಿ, ತನ್ನ ಬಡಾವಣೆಯಲ್ಲಿ ಹುಟ್ಟಿ ವರ್ಷ ತುಂಬಿದ ಪ್ರತಿ ಮಗುವಿಗೂ ಒಂದು ಪೌಂಡು ಕೊಡುವೆನೆಂದು ವಾಗ್ದಾನಮಾಡಿದನು. ಹುಟ್ಟಿದ ಸುದ್ದಿ ಬೇಗನೆ ತಿಳಿದರೆ ಸಲಹೆಗಾರ್ತಿಯರು ಬೇಗನೆ ಬಾಣಂತಿಯ ಮನೆಗೆ ಹೋಗಬಹುದೆಂಬ ತತ್ತ್ವವು ೧೯೦೭ರಲ್ಲಿ ಶಾಸನವಾಗಿ, ೧೯೧೫ರಲ್ಲಿ ದೇಶಕ್ಕೆಲ್ಲ ಕಡ್ಡಾಯವಾಯಿತು.

೧೯೧೦ರ ವೇಳೆಗೆ ಪ್ರಮಾಣ ೧೦೫ಕ್ಕೆ ಇಳಿಯಿತು. ೧೯೧೧ರ ಉರಿಬೇಸಗೆಯಲ್ಲಿ ಅದು ೧೩೦ಕ್ಕೆ ನೆಗೆದು, ಮರುವರ್ಷ ೯೫ಕ್ಕೆ ಬಿದ್ದಿತು. ರೋಗದ ಮಾರ್ಗ ಇನ್ನೂ ಮುಚ್ಚಿರಲಿಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಚರಂಡಿಗಳು ಸುಧಾರಿಸಿ, ಬೀದಿಯಿಂದ ಕುದುರೆಗಳು ಮರೆಯಾಗಿ, ಸಂಸಾರಗಳು ಚಿಕ್ಕವಾಗಿ, ತಾಯಂದಿರಲ್ಲಿ ಅಕ್ಷರಜ್ಞಾನ ಹರಡಿದಂತೆಲ್ಲ ೧೯೩೦ರಲ್ಲಿ ಅದು ೬೦ಕ್ಕೆ ಬಂದಿತು. ಈ ಕಾರಣಗಳಲ್ಲಿ ಯಾವುದಕ್ಕೆ ಎಷ್ಟು ಪಾಲೆಂಬುದು ವಿದ್ವಾಂಸರಲ್ಲಿ ವಿವಾದಗ್ರಸ್ತವಾಗಿದೆ.

೪. ಉಪಸಂಹಾರ

೧೯೦೬ರಲ್ಲಿ ಶಿಶುಮರಣವನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಬರೆದ ಜಾರ್ಜ್ ನ್ಯೂಮನ್ ಮೊದಲಾದವರು ತಾಯಿಯ ಅಜ್ಞಾನಕ್ಕೆ ಹೆಚ್ಚಿನ ಹೊಣೆಯನ್ನು ಹೊರಿಸಿದರು. ತಾಯಂದಿರು ಏನು ಹೇಳುವರೆಂದು ಕೇಳಿದವರು ಅಪೂರ್ವ. ೧೯೧೫ರಲ್ಲಿ ಸ್ತ್ರೀಯರ ಸಹಕಾರ ಸಂಘದ ಪರವಾಗಿ ಮಾರ್ಗರೆಟ್ ಲ್ಯುವೆಲಿನ್ ಡೇವಿಸ್ ಎಂಬಾಕೆ ದುಡಿಯುವ ಹೆಂಗಸರ ೧೬೦ ಪತ್ರಗಳನ್ನು ಪ್ರಕಟಿಸಿದಳು. ಬಸುರಿಯಾಗಿದ್ದಾಗ ಗಂಡಮಕ್ಕಳಿಗೆ ಬಡಿಸಿ ತಾವು ಅರೆಹೊಟ್ಟೆಯಲ್ಲಿದ್ದುದು, ಹೆತ್ತ ಕೆಲದಿನಗಳಲ್ಲಿಯೇ ಮೈಮುರಿದು ದುಡಿದುದು, ಮೇಲಿಂದ ಮೇಲೆ ಹೆತ್ತು ಸೊರಗಿದುದು ಅವುಗಳಲ್ಲಿ ವಿದಿತವಾಗುತ್ತದೆ. ಹುಟ್ಟಿದ ತಿಂಗಳೊಳಗೆ ಸಾಯುವ ಕೂಸುಗಳ ವಿಷಯದಲ್ಲಿ ಸೀಸೆ ತೊಳೆಯುವ ಉಪದೇಶ ಏಕೆ ಸಾಲದಾಯಿತೆಂಬುದಕ್ಕೆ ಉತ್ತರ ಆ ಪತ್ರಗಳಲ್ಲಿದೆ.

ಉಪದೇಶ ಬೇಡವೆಂದು ಇದರರ್ಥವಲ್ಲ. ಶುದ್ಧವಾದ ನೀರಿಲ್ಲದ ಮನೆಗೆ ಶುಚಿತ್ವವನ್ನು ಬೋಧಿಸುವುದು ಸಾಲದೆಂದು ಅರ್ಥ. ೨೦೨೦ರ ಗಣನೆಯಲ್ಲಿ ಭಾರತದ ಶಿಶುಮರಣಪ್ರಮಾಣ ೨೮, ಕರ್ನಾಟಕದ್ದು ೧೯, ಕೇರಳದ್ದು ೬. ಒಂದೇ ದೇಶದೊಳಗಿನ ಈ ಅಂತರವು ಫಾರ್ ಕಂಡ ಅಂತರದ ಜಾತಿಯದೇ. ಅದನ್ನು ತಾಯಂದಿರ ತಪ್ಪೆಂದು ಎಣಿಸದೆ, ಊರಿನ ಏರ್ಪಾಡಿನಲ್ಲಿ ಅದರ ಮೂಲವನ್ನು ಅರಸುವುದೇ ಈ ಚರಿತ್ರೆಯಿಂದ ಕಲಿಯಬೇಕಾದ ವಿವೇಕವೆಂದು ನಮ್ಮ ಅಭಿಪ್ರಾಯ.