ಕೋವಿಗೆ ಕೂರಿಸಿದ ಕಣ್ಣು

ಕೋವಿಯ ಮೇಲೆ ಪುಟ್ಟ ದೂರದರ್ಶಕವೊಂದನ್ನು ಕೂರಿಸಿರುವ ಚಿತ್ರವನ್ನು ವಾಚಕರಾದ ನೀವು ನೋಡಿಯೇ ಇರುತ್ತೀರಿ. ಅದನ್ನು ಕೊಳ್ಳ ಹೋದವನು ಮೊದಲು ಕೇಳುವ ಪ್ರಶ್ನೆ, "ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?" ಎಂದು. ಅದಕ್ಕಿಂತ ಮೊದಲು "ಎಷ್ಟು ಹಗುರ, ಎಷ್ಟು ಗಟ್ಟಿ?" ಎಂದು ಕೇಳುವುದು ಜಾಣತನ. ಈ ಪಾಠವನ್ನು ಕಲಿಯಲು ಬೇಟೆಗಾರರಿಗೆ ನೂರು ವರ್ಷ ಹಿಡಿಯಿತು.

1844ರಲ್ಲಿ ಜಾನ್ ರಾಟ್‌ಕ್ಲಿಫ್ ಚಾಪ್‌ಮನ್ ಎಂಬಾತನು ಅಮೆರಿಕದ ಗುರಿಕಾರರಿಗಾಗಿ ಬರೆದ ಪುಸ್ತಕದಲ್ಲಿ ಇಂಥ ದೂರದರ್ಶಕವನ್ನು ವರ್ಣಿಸಿದ್ದಾನೆ. ನ್ಯೂಯಾರ್ಕ್ ಪ್ರಾಂತದ ಯುಟಿಕಾದಲ್ಲಿ ಮಾರ್ಗನ್ ಜೇಮ್ಸ್ ಎಂಬ ಕುಶಲಿ ಅದನ್ನು ತಯಾರಿಸುತ್ತಿದ್ದನು. 1855ರಿಂದ ಸಿರಾಕ್ಯೂಸಿನ ವಿಲಿಯಂ ಮಾಲ್ಕಂ ಅದರ ಮಸೂರಗಳನ್ನು ಉತ್ತಮಗೊಳಿಸಿದನು. ಆದರೆ ಆ ಕೊಳವೆಗಳು ಹೆಚ್ಚುಕಡಮೆ ನಳಿಗೆಯಷ್ಟೇ ಉದ್ದ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಹೀಗೆ ಸಜ್ಜಾದ ಕೆಲವು ಕೋವಿಗಳು 30 ಪೌಂಡಿನಷ್ಟು ತೂಗುತ್ತಿದ್ದುವು. ಒಂದೆಡೆ ಕುಳಿತು ಹೊಡೆಯುವವನಿಗೆ ಅದು ಒಪ್ಪೀತು. ಬೆಟ್ಟ ಹತ್ತುವವನಿಗೆ ಬರಿಯ ಹೊರೆ.

ತೂಕದಿಂದ ಇನ್ನೊಂದು ಕೇಡೂ ಉಂಟು. ಗುಂಡು ಹಾರಿದೊಡನೆ ಕೋವಿ ಹಿಂದಕ್ಕೆ ಒದೆಯುತ್ತದಷ್ಟೆ. ಮೇಲಿರುವ ಕೊಳವೆಯಾದರೋ ಇದ್ದಲ್ಲಿಯೇ ಇರಲು ಹವಣಿಸುತ್ತದೆ. ಈ ಜಗ್ಗಾಟವನ್ನೆಲ್ಲ ತಾಳಬೇಕಾದುವು ಅದನ್ನು ಹಿಡಿದಿರುವ ಬಳೆಗಳೂ ತಿರುಪುಗಳೂ. ಕೊಳವೆ ಭಾರವಾದಷ್ಟೂ ಎಳೆತ ಹೆಚ್ಚು. ಆದ್ದರಿಂದ ಹಗುರತನವು ಬಾಳಿಕೆಗೆ ಮಿತ್ರನೇ ಹೊರತು ಶತ್ರುವಲ್ಲ. ಕೊಳವೆಯ ಒಂದು ತುದಿ ಕೂದಲೆಳೆಯಷ್ಟು ಸರಿದರೂ ನೂರು ಗಜದ ಆಚೆ ಗುರಿ ಎರಡು ಅಂಗುಲ ತಪ್ಪುತ್ತದೆ.

1930ರಲ್ಲಿ ವಿಲಿಯಂ ವೀವರ್ ಎಂಬ ತರುಣನು ಮುಕ್ಕಾಲು ಅಂಗುಲದ ಉಕ್ಕಿನ ಕೊಳವೆಯ ದೂರದರ್ಶಕವನ್ನು 19 ಡಾಲರಿಗೆ ಮಾರತೊಡಗಿದನು. ಸಾಮಾನ್ಯ ಬೇಟೆಗಾರನ ಕೈಗೆ ಈ ಕಣ್ಣು ಎಟುಕಿದ್ದು ಆಗಲೇ. ಉಳಿದ ಶತ್ರು ತೇವ. ಆರಿಗನ್ ಪ್ರಾಂತದ ಮಾರ್ಕಸ್ ಲ್ಯೂಪೋಲ್ಡ್ ಬೇಟೆಗೆ ಹೋಗಿದ್ದಾಗ ಮಸೂರಕ್ಕೆ ಮಂಜು ಕವಿದು ಜಿಂಕೆ ತಪ್ಪಿತೆಂದೂ, ಆ ರೋಸಿಕೆಯೇ 1947ರಲ್ಲಿ ಅವನ ಕಾರ್ಖಾನೆ ದೂರದರ್ಶಕ ಮಾಡಲು ಕಾರಣವಾಯಿತೆಂದೂ ಹೇಳುತ್ತಾರೆ. ಕೊಳವೆಯೊಳಗಿನ ಗಾಳಿಯನ್ನು ತೆಗೆದು, ಒಣ ಸಾರಜನಕವನ್ನು ತುಂಬಿ, ಬಿಗಿಯಾಗಿ ಮುಚ್ಚಿದರೆ ಒಳಗೆ ಮಂಜು ಕವಿಯದು. ಮುಂದೆ ಉಕ್ಕಿನ ಬದಲು ಅಲ್ಯೂಮಿನಿಯಂ ಬಂದು ತೂಕ ಇನ್ನಷ್ಟು ಇಳಿಯಿತು.

ಮುಂದಿನ ಮಸೂರ ದೊಡ್ಡದಾದರೆ ಬೆಳಕು ಹೆಚ್ಚೆಂದು ಕೆಲವರು ನಂಬುತ್ತಾರೆ. ಲೆಕ್ಕ ಸುಲಭ: ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿರಿ. ನಾಲ್ಕು ಪಟ್ಟಿಗೆ 28 ಮಿಲಿಮೀಟರ್ ಮಸೂರವಿದ್ದರೆ ಕಣ್ಣಿಗೆ ಬರುವ ಬೆಳಕಿನ ಕಂಬ 7 ಮಿಲಿಮೀಟರ್. ಕತ್ತಲೆಯಲ್ಲಿ ತರುಣರ ಪಾಪೆ ಅರಳುವುದೂ ಸುಮಾರು ಅಷ್ಟೇ. ನನ್ನಂತೆ ಐವತ್ತು ದಾಟಿದವರದು ಅಷ್ಟೂ ಅರಳದು. ಮಿಕ್ಕ ಗಾಜೆಲ್ಲ ಹೆಗಲಿಗೆ ದಂಡ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ನಮ್ಮ ದೇಶದಲ್ಲಿ ವಿನೋದದ ಬೇಟೆ ನಿಂತುಹೋಗಿದೆ; ಅದು ಒಳ್ಳೆಯದೇ ಆಯಿತು. ಬೇಟೆಗೆ ಕಾನೂನಿನ ಅನುಮತಿಯಿರುವ ನಾಡುಗಳಲ್ಲಿ ಮಾತ್ರ ಈ ವಿವೇಚನೆ ಇಂದಿಗೂ ಬೇಕು. ಗುರಿ ತಪ್ಪಿದರೆ ಬೇಟೆಗಾರನು ಬರಿಗೈಯಲ್ಲಿ ಮನೆಗೆ ಹೋದಾನು. ಅರೆಗುರಿ ತಾಗಿದ ಮೃಗವಾದರೋ ಪೊದೆಯಲ್ಲಿ ಅಡಗಿ ದಿನಗಟ್ಟಲೆ ನರಳಿ ಸಾಯಬೇಕು. ಒಂದು ಸಡಿಲ ತಿರುಪಿನ ಬೆಲೆಯನ್ನು ತೆರುವುದು ಆ ಮೂಕಪ್ರಾಣಿ.